ಅಪ್ಪನ ಎದೆನೋವು, ನನ್ನ ಎದೆಯುರಿ

ಅಪ್ಪ ತೀರಿಕೊಂಡಾಗ ನನಗೆ ಹದಿನೇಳು. ಹುಮನಾಬಾದಿನಲ್ಲಿ ನಮ್ಮದು ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ. ಮಧ್ಯಾಹ್ನ ಉಂಡು ಬಂದು ಗಾದಿಯ ಮೇಲೆ ಕುಳಿತವನು ಎದೆ ಹಿಡಿದುಕೊಂಡು ಹಾಗೇ ಒರಗಿದ. ಹಮಾಲರು ಹೊತ್ತು ಮನೆಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಅಂದು ಬೆಳಿಗ್ಗೆಯೇ ‘ಎದಿ ಉರ್ಯಾಕತ್ತದ’ ಎಂದು ಅವ್ವನಿಗೆ ಹೇಳಿದ್ದ. ಆ ಮಾತು ನನ್ನ ಕಿವಿಗೂ ಬಿದ್ದಿತ್ತು.

ನಾನು ಆಗಿನ ಸರಕಾರಿ ಉರ್ದು ಶಾಲೆ ಬಿಟ್ಟು ಕಾಕಾನ ಜೊತೆ ಅಂಗಡಿಯಲ್ಲಿ ಕೂರತೊಡಗಿದೆ. ಅವ್ವ ನನಗೆ ಉಣ್ಣಿಸುವುದೊಂದೇ ಕೆಲಸ ಎಂಬಂತೆ ಇದ್ದಳು. ರೊಟ್ಟಿಯ ಮೇಲೆ ತುಪ್ಪ, ಶೇಂಗಾ ಹೋಳಿಗೆ, ಅದರ ಮೇಲೆ ಕೆನೆಹಾಲು. ಬೇಡವೆಂದರೆ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಆದ್ದರಿಂದ ನಾನು ಬೇಡ ಅನ್ನಲಿಲ್ಲ. ಎರಡು ವರ್ಷದಲ್ಲಿ ಮೈ ಎಷ್ಟು ಬೆಳೆಯಿತೆಂದರೆ, ಒಮ್ಮೆ ಹಮಾಲರು ‘ಸಾವಕಾರ್ರ, ಒಂದೀಟು ಕೂಡ್ರಿ ನೋಡಮು’ ಎಂದು ನನ್ನನ್ನು ಕಾಳು ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದರು. ಎದುರಿಗೆ ಜೋಳದ ಚೀಲ ಇಟ್ಟರೂ ನನ್ನ ತಟ್ಟೆ ಏಳಲಿಲ್ಲ. ಎಲ್ಲರೂ ನಕ್ಕರು. ಅವರೊಡನೆ ನಾನೂ ನಕ್ಕೆ.

ಉರಿ ಶುರುವಾದದ್ದು ಆ ವರ್ಷವೇ. ಉಂಡು ಅಡ್ಡಾದರೆ ಎದೆಯ ನಡುವೆ ಕೆಂಡ ಇಟ್ಟಂತೆ ಆಗಿ, ಹುಳಿನೀರು ಗಂಟಲಿಗೆ ಬರುತ್ತಿತ್ತು. ಅಪ್ಪನ ರೋಗ ನನಗೆ ಬಂತೆಂದು ತಿಳಿದೆ. ಯಾರಿಗೂ ಹೇಳಲಿಲ್ಲ. ಎದೆ ಒಡೆದೀತೆಂದು ಮೆಟ್ಟಿಲು ಹತ್ತುವುದನ್ನೂ ಜೋರಾಗಿ ನಡೆಯುವುದನ್ನೂ ಬಿಟ್ಟೆ. ಏನಾದರೂ ತಿಂದರೆ ಉರಿ ತುಸು ಹೊತ್ತು ತಣ್ಣಗಾಗುತ್ತಿತ್ತು. ಬೆಲ್ಲ, ಚುರುಮುರಿ, ಭಜಿ, ಕೈಗೆ ಸಿಕ್ಕದ್ದು ತಿನ್ನುತ್ತಿದ್ದೆ. ಆಮೇಲೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು.

ಹತ್ತೊಂಬತ್ತಕ್ಕೆ ಹತ್ತಿರದ ರಾಜೇಶ್ವರದಿಂದ ಸಂಬಂಧ ಬಂತು. ಹುಡುಗಿಯ ಕಡೆಯವರು ಒಪ್ಪಿದ್ದರು. ನಾನು ಒಲ್ಲೆ ಅಂದೆ. ಸಾಯುವವನು ಒಂದು ಹೆಣ್ಣನ್ನು ಮುಂಡೆ ಮಾಡಿ ಹೋಗಬಾರದು ಎಂಬುದು ನನ್ನ ಲೆಕ್ಕ.

‘ಮೈ ನೋಡಿ ಹುಡುಗಿ ನಗ್ತಾಳಂತ ಅಂಜತೀದೇನೋ?’ ಎಂದು ಕಾಕಾ ಕೇಳಿದ.

ಹೌದೆಂದು ತಲೆಯಾಡಿಸಿದೆ. ನಿಜ ಹೇಳುವುದಕ್ಕಿಂತ ಅದು ಸುಲಭವಿತ್ತು. ಆಮೇಲೆ ಅಂಗಡಿಗೆ ಹೋಗುವುದೂ ನಿಂತಿತು. ಒಳಕೋಣೆಯಲ್ಲಿ ಮಲಗಿರುತ್ತಿದ್ದೆ. ಯಾರ ಮುಖವನ್ನೂ ನೋಡಬೇಕೆನಿಸುತ್ತಿರಲಿಲ್ಲ.

ಅಕ್ಕನನ್ನು ಬಸವಕಲ್ಯಾಣಕ್ಕೆ ಕೊಟ್ಟಿತ್ತು. ಆಗ ಆ ಊರನ್ನು ನಾವೆಲ್ಲ ಕಲ್ಯಾಣಿ ಅನ್ನುತ್ತಿದ್ದೆವು. ಅವಳು ಬಂದು ಬಾಗಿಲಲ್ಲಿ ನಿಂತು, ‘ತಮ್ಮಾ, ಏಳು. ನನ್ನ ಕೂಡ ನಡಿ’ ಅಂದಳು. ಮೋಟಾರಿನಲ್ಲಿ ಕರೆದೊಯ್ದು, ಮರುದಿನವೇ ಕಿಲ್ಲೆಯ ಹತ್ತಿರದ ಒಬ್ಬ ಮುದಿ ಹಕೀಮರ ಮುಂದೆ ಕೂರಿಸಿದಳು.

ಹಕೀಮರು ನಾಡಿ ಹಿಡಿದು ಏನಾಗುತ್ತದೆಂದು ಕೇಳಿದರು. ಎದೆ ಉರಿಯುತ್ತದೆ ಎಂದಷ್ಟೇ ಹೇಳಿದೆ. ‘ಉರಿ ಯಾವಾಗ ಬರ್ತದ ಬೇಟಾ?’

‘ಉಂಡು ಅಡ್ಡಾದ ಮ್ಯಾಗ್ರಿ.’

‘ಮೆಟ್ಟಲ ಹತ್ತುವಾಗ?’

‘ನಾ ಹತ್ತೋದ ಬಿಟ್ಟೀನ್ರಿ.’

‘ಯಾಕ?’

ಅಲ್ಲಿಯವರೆಗೆ ಅವ್ವನಿಗೂ ಹೇಳದ ಮಾತು ಆ ಅಪರಿಚಿತರ ಮುಂದೆ ಹೊರಬಂತು. ‘ನಮ್ಮಪ್ಪ ಹಿಂಗ ಸತ್ತಾನ್ರಿ.’

ಅಕ್ಕ ಸೆರಗು ಬಾಯಿಗೆ ಹಿಡಿದಳು. ಹಕೀಮರು ಅವಳತ್ತ ತಿರುಗಿ ಅಪ್ಪನ ವಿಷಯ ಕೇಳಿದರು. ‘ಅಪ್ಪ ಮಾಳಗಿ ಹತ್ತಬೇಕಾದ್ರ ನಾಕ್ ಸಲ ನಿಲ್ತಿದ್ದರಿ, ಎದಿ ಹಿಡಕೊಂಡು’ ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ.

ಅವರು ಕೋಲು ತೆಗೆದುಕೊಂಡು ಎದ್ದರು. ‘ಬಾ’ ಎಂದು ಕಿಲ್ಲೆಯ ಮೆಟ್ಟಿಲಿಗೆ ಕರೆದೊಯ್ದರು. ಅವರು ಮುಂದೆ, ನಾನು ಹಿಂದೆ, ನಿಧಾನವಾಗಿ ಹತ್ತಿದೆವು. ಕಾಲು ನಡುಗಿತು, ಅಂಗಿ ಒದ್ದೆಯಾಯಿತು, ಏದುಸಿರು ಬಂತು.

‘ಎದಿ ಉರಿತದ?’

‘ಇಲ್ಲರಿ.’

‘ನಿಮ್ಮಪ್ಪನ ಬ್ಯಾನಿ ಆಗಿದ್ರ ಇಲ್ಲೇ ಹಿಡೀತಿತ್ತು. ನಿಂದು ಹೊಟ್ಟಿದು. ಉಂಡಿದ್ದು ಮ್ಯಾಲ ಬರ್ತದ, ಅಷ್ಟೇ. ನೀ ಸಾಯಾಕತ್ತಿಲ್ಲ ಬೇಟಾ.’

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಸಂತೋಷವಾಯಿತೆಂದು ಹೇಳಲಾರೆ. ನಿದ್ದೆ ಬಂದಂತಾಯಿತು.

ಔಷಧಕ್ಕಿಂತ ಅವರು ಹೇಳಿದ ಪಥ್ಯವೇ ಹೆಚ್ಚಿತ್ತು. ಹೊತ್ತು ಮುಳುಗುವ ಮೊದಲೇ ಅರ್ಧ ಹೊಟ್ಟೆ ಉಣ್ಣಬೇಕು, ಉಂಡು ಮಲಗಬಾರದು, ಕರಿದದ್ದು ಬೇಡ, ದಿನಾ ನಡೆಯಬೇಕು. ‘ಒಬ್ಬನೇ ಕೂತು ತಿನಬ್ಯಾಡ’ ಎಂದೂ ಹೇಳಿದ್ದರು. ನಾನು ಅಕ್ಕನ ಮನೆಯಲ್ಲೇ ಉಳಿದು, ಎಲ್ಲರ ಜೊತೆ ಉಣ್ಣತೊಡಗಿದೆ.

ತಿಂಗಳಾದ ಮೇಲೆ ಅವ್ವ ಬಂದಳು. ನಾನು ಮೂರನೆಯ ರೊಟ್ಟಿ ಸರಿಸಿದ್ದು ನೋಡಿ ಅವಳ ಮುಖ ಬಿಳಿಚಿತು. ‘ನಿಮ್ಮಪ್ಪನೂ ಕಡೀಕ ಹಿಂಗ ರೊಟ್ಟಿ ಸರಸ್ಕೋತನ ಒಣಗಿಹೋದ’ ಎಂದು ಅಳತೊಡಗಿದಳು. ಅವಳು ಯಾಕೆ ಹಾಗೆ ಉಣ್ಣಿಸುತ್ತಿದ್ದಳೆಂಬುದು ಆಗ ತಿಳಿಯಿತು. ನನ್ನ ಉರಿಯ ವಿಷಯವನ್ನೂ ಹೇಳಿದೆ.

‘ಇಷ್ಟ ದಿನ ಯಾಕ ಬಾಯಿ ಬಿಡಲಿಲ್ಲೋ? ಹೇಳಿದ್ರ ನಾ ತುಪ್ಪ ಹಾಕ್ತಿದ್ದಿಲ್ಲ’ ಅಂದಳು. ಆಮೇಲೆ ತಾಟಿನಲ್ಲಿದ್ದ ಆ ರೊಟ್ಟಿಯನ್ನು ತಾನೇ ತಿಂದಳು.

ಮೂರು ತಿಂಗಳಿಗೆ ಹುಮನಾಬಾದಿಗೆ ಮರಳಿದೆ. ಸಪೂರ ಆಗಿರಲಿಲ್ಲ, ಎಂದೂ ಆಗಲಿಲ್ಲ. ಉರಿ ಮಾತ್ರ ಅಪರೂಪವಾಯಿತು. ಬಂದಾಗ ಅದಕ್ಕೆ ಹೆದರುವುದನ್ನು ನಿಧಾನಕ್ಕೆ ಬಿಟ್ಟೆ. ಅಷ್ಟರಲ್ಲಿ ರಾಜೇಶ್ವರದ ಹುಡುಗಿಯನ್ನು ಬೇರೆ ಕಡೆ ಕೊಟ್ಟಿದ್ದರು. ಮರುವರ್ಷ ದುಬಲಗುಂಡಿಯ ಸಂಬಂಧ ಬಂದಾಗ ನಾನೇ ಹುಡುಗಿಯ ತಂದೆಯನ್ನು ಪಕ್ಕಕ್ಕೆ ಕರೆದು ನನ್ನ ಕಾಯಿಲೆಯನ್ನೆಲ್ಲ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

‘ಹುಳಿತೇಗು ನನಗೂ ಬರ್ತಾವ, ತಮ್ಮಾ. ಮಜ್ಜಿಗಿ ಕುಡೀತೀನಿ’ ಅಂದು, ಲಗ್ನದ ತಿಥಿ ಕೇಳಲು ಒಳಗೆ ಕಾಕಾನ ಬಳಿ ಹೋದರು.