ಸ್ಟೋರ್ಸ್ ಸಾಹೇಬರ ಲೆಕ್ಕ

ವಾಡಿಯ ಸಿಮೆಂಟ್ ಕಾರ್ಖಾನೆಗೆ ಬಿಡಿಭಾಗಗಳನ್ನು ಯಾವಾಗ, ಎಷ್ಟು ತರಿಸಬೇಕೆಂದು ಲೆಕ್ಕ ಹಾಕುತ್ತಿದ್ದವರು ನಮ್ಮ ಸ್ಟೋರ್ಸ್ ಸಾಹೇಬರು. ಹೆಚ್ಚು ಇಟ್ಟುಕೊಂಡರೆ ಆಗುವ ನಷ್ಟ, ಕಡಿಮೆ ಬಿದ್ದರೆ ಆಗುವ ನಷ್ಟ, ಎರಡನ್ನೂ ಅವರು ಬರೆದುಕೊಟ್ಟರೆ ಕಂಪ್ಯೂಟರು ತೂಗಿ ಅಂಕಿ ಹೇಳುತ್ತಿತ್ತು. ಯಾರಾದರೂ ಒಂದು ಬೇರಿಂಗ್ ಹೆಚ್ಚಿಗೆ ಕೇಳಿದರೆ ಕನ್ನಡಕ ಹಣೆಗೇರಿಸಿ, "ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರೇನ್ರಿ?" ಎನ್ನುತ್ತಿದ್ದರು.

ಅವರ ಮಗಳ ಮದುವೆಗೆ ಹೋಗಿದ್ದೆ. ಎಲ್ಲರ ಊಟ ಮುಗಿದರೂ ಬಿರಿಯಾನಿಯ ಅರ್ಧಕ್ಕರ್ಧ ಹಂಡೆಗಳು ಮುಚ್ಚಳ ತೆರೆಯದೆ ಕೂತಿದ್ದವು.

"ಇದರ ಲೆಕ್ಕ ಹಾಕಲಿಲ್ಲೇನ್ರಿ ಸಾಹೇಬ್ರ?" ಎಂದೆ.

ಕನ್ನಡಕ ಹಣೆಗೇರಿತು. "ಹಾಕ್ಲಿಕ್ಕೆ ಕುಂತಿದ್ದೆರಿ. ಬೀಗರ ಕಡಿಯವರು ಒಬ್ಬರು ಹಸಕೊಂಡು ಎದ್ದು ಹೋದ್ರ ಎಷ್ಟು ನಷ್ಟ ಅಂತ ಬರೀಬೇಕಾತು. ಏನಂತ ಬರೀಲಿ? ಕಂಪ್ಯೂಟರ್ ಬಂದ್ ಮಾಡಿ ಎದ್ದೆ."