ಹೊನ್ನವ್ವನ ಒಂಬತ್ತನೆಯ ಗುರುವಾರ

‘ಟಿಣ್’ ಎಂದಿತು ಮೇಜಿನ ಮೇಲಿನ ಗಂಟೆ. ಹೊನ್ನವ್ವ ಪೊರಕೆಯನ್ನು ಮೂಲೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

ಆರ್‌ಪಿಸಿ ಲೇಔಟಿನ ಆ ಮಹಡಿ ಕೋಣೆಯನ್ನು ಗುಡಿಸುವುದು ಅವಳ ಕೆಲಸ. ಎರಡು ತಿಂಗಳಿಂದ ಇನ್ನೊಂದು ಕೆಲಸವೂ ಸೇರಿಕೊಂಡಿತ್ತು: ಅರ್ಥ ಹೇಳುವುದು. ಬೈಬಲ್ಲನ್ನು ಹೊಸದಾಗಿ ಕನ್ನಡಕ್ಕೆ ತರುತ್ತಿದ್ದ ಸಮಿತಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತಿದ್ದಿದ ಪ್ರತಿ ವಾಕ್ಯವನ್ನೂ ಓದು ಬಾರದ ಒಬ್ಬರಿಗೆ ಓದಿ ಹೇಳಬೇಕು; ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಲಿಂಗಸುಗೂರಿನ ಕಡೆಯಿಂದ ಬಂದು ಬ್ಯಾಡರಹಳ್ಳಿಯಲ್ಲಿ ನೆಲೆಸಿದ್ದ ಹೊನ್ನವ್ವ ಹೇಳುತ್ತಿದ್ದಳು. ಪಂಡಿತರು ಬರೆದುಕೊಳ್ಳುತ್ತಿದ್ದರು. ಆಮೇಲೆ ಅವಳೇ ಅವರ ಲೋಟ ತೊಳೆಯುತ್ತಿದ್ದಳು.

ಎಂಟು ಗುರುವಾರ ಒಂದೇ ಪದದ ಮೇಲೆ ಕಳೆದಿದ್ದವು. ಕರೆ ಕೇಳಿ ಮನೆಬಿಟ್ಟು ಬಂದು ದೇವರ ಹೆಸರಲ್ಲಿ ಕೂಡಿದ ಜನಕ್ಕೆ ಗ್ರೀಕಿನಲ್ಲಿ ಎಕ್ಲೇಸಿಯಾ. ಕನ್ನಡದಲ್ಲಿ ಏನು?

“ಸಭೆ,” ಎಂದರು ಅಧ್ಯಕ್ಷ ದೇವಪುತ್ರ ಅಯ್ಯನವರು. “ನಮ್ಮಜ್ಜನ ಕಾಲದಿಂದ ಇದೆ.”

“ಸಭೆ ಅಂದ್ರೆ ಹಾರ, ಶಾಲು, ವಂದನಾರ್ಪಣೆ ಸಾರ್,” ಎಂದರು ನಿವೃತ್ತ ಕನ್ನಡ ಮೇಷ್ಟ್ರು ಗೋಪೀನಾಥ. “ಕೂಟ ಅನ್ನಿ. ಬೆಚ್ಚಗಿರುತ್ತೆ.”

“ಕಿಟ್ಟಿ ಪಾರ್ಟಿನೂ ಬೆಚ್ಚಗೇ ಇರುತ್ತೆ ಮೇಷ್ಟ್ರೇ!” ಎಂದರು ಅಯ್ಯನವರು.

ಮೊದಲೆಲ್ಲ ಗುರುವಾರ ಮಧ್ಯಾಹ್ನ ಆ ಕೋಣೆಯಲ್ಲಿ ಕೂಡುತ್ತಿದ್ದವರು ಬೇರೆ. ಮನೆಗೆಲಸ ಮುಗಿಸಿ ಬರುವ ಏಳೆಂಟು ಹೆಂಗಸರು. ಪ್ರಾರ್ಥನೆ ಮಾಡಿಸುತ್ತಿದ್ದವಳು ಹೊನ್ನವ್ವ. ಈಗ ಬಾಗಿಲಿಗೆ ಚೀಟಿ ಅಂಟಿತ್ತು: ‘ಸಮಿತಿಯ ಕೆಲಸ ನಡೆಯುತ್ತಿದೆ. ಇಲ್ಲಿ ಗುಂಪು ಸೇರಬಾರದು.’ ಅಂಟಿಸುವ ಮುನ್ನ ಅದನ್ನೂ ಹೊನ್ನವ್ವನಿಗೆ ಓದಿ ಅರ್ಥ ಕೇಳಿದ್ದರು. “ನಾವು ಬರಬಾರದು ಅಂತ್ರಿ,” ಎಂದಿದ್ದಳು. ಸರಿಯಾಗಿದೆ ಎಂದು ಸಮಿತಿ ಬರೆದುಕೊಂಡಿತ್ತು.

ಇವತ್ತು ಹೆಂಗಸರು ಮೆಟ್ಟಿಲ ಮೇಲೆ ಕಾದಿದ್ದರು. ನಡುವೆ ಕಸ್ತೂರೆವ್ವ. ನಾಳೆ ಅವಳ ಹೊಟ್ಟೆಯ ಗಡ್ಡೆಗೆ ಆಪರೇಷನ್. ನಾಲ್ಕರೊಳಗೆ ಆಸ್ಪತ್ರೆ ಸೇರಬೇಕು. “ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಾ ಮಾಡಿ ಕಳಸು ಯಕ್ಕಾ, ಅಂಜಿಕಿ ಬರ್ತೈತಿ,” ಎಂದಿದ್ದಳು. ಆಟೋ ಕೆಳಗೆ ನಿಂತಿತ್ತು.

“ಅಯ್ಯನೋರ, ಹತ್ತು ನಿಮಿಷ ಕೋಣಿ ಬಿಟ್ಟುಕೊಡ್ರಿ,” ಎಂದಳು ಹೊನ್ನವ್ವ.

“ಕೊಡೋಣ ತಾಯಿ. ಈ ಪದ ಒಂದು ಇತ್ಯರ್ಥ ಆಗ್ಬಿಡ್ಲಿ.”

ಅಯ್ಯನವರು ವಾಕ್ಯವನ್ನು ಸಭೆ ಹಾಕಿ ಒಮ್ಮೆ, ಕೂಟ ಹಾಕಿ ಒಮ್ಮೆ ಓದಿದರು. ಹೊರಗೆ ಯಾರೋ ಮೂಗು ಸೇದಿದರು. ಆಟೋದವನು ಹಾರ್ನ್ ಒತ್ತಿದ.

“ಏನು ಅರ್ಥ ಆಯ್ತಮ್ಮ?”

“ಒಬ್ಬರ ಕಷ್ಟಕ್ಕ ಒಬ್ಬರು ಆಗಾಕ ಕೂಡ್ಯಾರ ಅಂತ ಆತ್ರಿ.”

“ಆಹಾ!” ಗೋಪೀನಾಥ ಪೆನ್ನು ತೆಗೆದರು. “ಯಾವ ಪದಕ್ಕೆ ಹಾಗನ್ನಿಸ್ತು? ಮೊದಲನೇದಕ್ಕೋ, ಎರಡನೇದಕ್ಕೋ?”

“ನಿಮ್ಮ ಊರ ಕಡೆ ಏನಂತೀರಮ್ಮ?” ಅಯ್ಯನವರೂ ಮುಂದಕ್ಕೆ ಬಾಗಿದರು. “ಅದನ್ನೇ ಹಾಕಿಬಿಡೋಣ. ಈಗ, ಉದಾಹರಣೆಗೆ, ಒಂದಷ್ಟು ಜನ ಎಲ್ಲೋ ಪ್ರಾರ್ಥನೆಗೆ ಅಂತ ಬಂದು ಸೇರಿದಾರೆ. ಅಂಥವರನ್ನ...”

ಹೊನ್ನವ್ವ ಆಗಲೇ ಬಾಗಿಲು ದಾಟಿದ್ದಳು. ಮೆಟ್ಟಿಲ ಮೇಲಿನವರು ಸರಿದು ಅವಳಿಗೆ ಕಸ್ತೂರೆವ್ವನ ಪಕ್ಕ ಜಾಗ ಮಾಡಿಕೊಟ್ಟರು.