ಚಲಿಮಿಡಿ ಕಟ್ಟಿದ ಕೈ

ಅವರ ಬಲ ಅಂಗೈಯ ನಡುವೆ ಗೋಲಿ ಕೂರುವಷ್ಟು ಒಂದು ಗುಳಿ ಇತ್ತು. ಒನಕೆ ಹಿಡಿದೂ ಹಿಡಿದೂ ಸುತ್ತೆಲ್ಲ ದಡ್ಡುಗಟ್ಟಿ, ನಡುವೆ ಮಾತ್ರ ಮೆತ್ತಗೆ ಉಳಿದ ಜಾಗ. ಉಂಡೆ ಕಟ್ಟುತ್ತಿದ್ದದ್ದು ಆ ಗುಳಿಯಲ್ಲೇ. ಅದಕ್ಕೇ ಅವರ ಉಂಡೆಗಳೆಲ್ಲ ಒಂದೇ ಅಳತೆ.

ಶ್ರೀನಿವಾಸಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ತೆಲುಗಿನವರು, ಬೀದಿಗೆಲ್ಲ ಅಮ್ಮಮ್ಮ. ಎರಡು ಅಂಗಳಗಳ ನಡುವೆ ಇದ್ದದ್ದು ಒಂದು ಮೋಟುಗೋಡೆ. ನಾನು ವೇಮಗಲ್ ಕಡೆಯಿಂದ ಸೊಸೆಯಾಗಿ ಬಂದಾಗ ಯುದ್ಧದ ಕಾಲ. ಸಕ್ಕರೆ ಸಿಗುತ್ತಿರಲಿಲ್ಲ, ಒಣಸೌದೆಗೂ ತತ್ವಾರ. ಅಮ್ಮಮ್ಮನಿಗೆ ಅದರ ಚಿಂತೆಯೇ ಇರಲಿಲ್ಲ, ಅವರ ಸಿಹಿಗೆ ಒಲೆ ಬೇಕಿರಲಿಲ್ಲ. ಎಳ್ಳು ಬೆಲ್ಲ ಕುಟ್ಟಿದರೆ ಚಿಗಳಿ. ಹುರಿಗಡಲೆ ಕೊಬ್ಬರಿಗೆ ಬೆಲ್ಲ ಬೆರೆಸಿ ಕುಟ್ಟಿದರೆ ಇನ್ನೊಂದು.

"ಸಕ್ಕರೇಲಿ ಏನೈತೆ, ಮಣ್ಣು? ಬೆಲ್ಲ ತಿನ್ನೇ. ಮುಖಕ್ಕೆ ರಕ್ತ ಬರ್ಲಿ."

ನನಗೆ ರಕ್ತ ಬೇಕಾಗಿಯೇ ಇತ್ತು. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ನಿಂತಾಗ ನಮ್ಮತ್ತೆ ಕೋಲಾರಮ್ಮನಿಗೆ ಹರಕೆ ಹೊತ್ತರು. ಅಮ್ಮಮ್ಮ ದಿನಾ ಮಧ್ಯಾಹ್ನ ಮುತ್ತುಗದೆಲೆಯಲ್ಲಿ ಒಂದು ಉಂಡೆ ಮೋಟುಗೋಡೆಯ ಮೇಲಿಟ್ಟು ಕೆಮ್ಮುತ್ತಿದ್ದರು. ಆ ಕೆಮ್ಮೇ ಕರೆ. ನಾನು ಹೋಗಿ ಎತ್ತಿಕೊಳ್ಳುತ್ತಿದ್ದೆ.

"ಏಳು ತುಂಬ್ಲಿ, ತೌರಿಗೆ ಹೊರಡೋವಾಗ ನಿಂಗೆ ಚಲಿಮಿಡಿ ಕೊಡ್ತೀನಿ" ಅಂದರು ಒಂದು ದಿನ.

ನಾನು ಕೇಳಿಸಿಕೊಂಡದ್ದು ಚಳಿ, ಮಿಡಿ. ಮಾವಿನ ಊರಿನಲ್ಲಿ ಮಿಡಿಯೆಂದರೆ ಇನ್ನೇನು?

"ಚಳಿಗಾಲದಲ್ಲಿ ಎಲ್ಲೀ ಮಿಡಿ ಅಮ್ಮಮ್ಮ? ಉಪ್ಪಿನಕಾಯಿಗೆ ಜಾಡಿ ತೊಳೆದಿಡ್ಲಾ?"

ಅವರು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡರು. "ಓಸಿ ಪಿಚ್ಚಿದಾನಾ! ಉಪ್ಪಿನಕಾಯಲ್ಲ ಕಣೇ ಹುಚ್ಚಿ, ಹಸಿ ತಂಬಿಟ್ಟು! ನೆನೆಸಿದ ಅಕ್ಕಿ ಕುಟ್ಟಿ, ತೇವ ಆರೋದ್ರೊಳಗೆ ಬೆಲ್ಲ ಕಲ್ಸಿ, ತುಪ್ಪ ಮುಟ್ಸಿ ಕಟ್ಟೋದು. ಬಸುರಿ ಮಡಿಲಿಗೆ ಇಡ್ತೀವಿ. ಕಡುಪು ಚಲ್ಲಗಾ ಉಂಡಾಲಿ. ಹೊಟ್ಟೆ ತಣ್ಣಗಿರ್ಬೇಕು. ಅದಕ್ಕೇ ಬೆಂಕಿ ತೋರ್ಸೋ ಹಾಗಿಲ್ಲ."

ಅಂದಿನಿಂದ ನನ್ನ ಹೆಸರು ಅವರ ಬಾಯಲ್ಲಿ ಉಪ್ಪಿನಕಾಯಿ.

ನಗು ನಿಂತ ಮೇಲೆ ಅವರು ಅಂಗೈ ನೋಡಿಕೊಂಡರು. ಅವರಿಗೊಬ್ಬಳು ಮಗಳಿದ್ದಳಂತೆ. ಅವಳು ಬಸುರಿಯಾದ ವರ್ಷವೇ ಅಮ್ಮಮ್ಮನ ಗಂಡ ತೀರಿಹೋಗಿದ್ದರು. ಕುಂಕುಮವಿಲ್ಲದ ಕೈಯಿಂದ ಮಡಿಲು ತುಂಬಬಾರದೆಂದು ಹಿರಿಯರು ತಡೆದರು. ಮಗಳು ಬರಿಮಡಿಲಲ್ಲಿ ಗಂಡನ ಮನೆಗೆ ಹೋದವಳು ಹೆರಿಗೆಯಲ್ಲಿ ಉಳಿಯಲಿಲ್ಲ. ಮಗುವೂ ಉಳಿಯಲಿಲ್ಲ.

"ನನ್ ಕೈಯಾರೆ ಕೊಡ್ಲಿಲ್ಲ ಕಣೇ. ಅಷ್ಟೇ ನಂಗೆ ಕೊರಗು" ಅಂದರು.

ನಾನು ಹೊರಟ ಬೆಳಿಗ್ಗೆ ಅವರು ಹಿತ್ತಾಳೆ ಬಟ್ಟಲು ಹಿಡಿದು ಬಾಗಿಲಲ್ಲಿ ಕಾದಿದ್ದರು. ಒಂದು ಮೆಟ್ಟಿಲು ಇಳಿದರು. ಅಷ್ಟರಲ್ಲಿ ನಮ್ಮತ್ತೆ, "ಅಲ್ಲೇ ಇರಿ ಅಮ್ಮಮ್ಮ. ಬೇಜಾರ್ ಮಾಡ್ಕೋಬೇಡಿ. ನಮ್ದು ಎರಡು ಹೋಗೈತೆ" ಅಂದರು. ಅತ್ತೆಯ ದನಿಯಲ್ಲಿ ಗಡಸಿರಲಿಲ್ಲ, ಹೆದರಿಕೆ ಇತ್ತು. ಆ ಹೆದರಿಕೆ ನನಗೂ ಇತ್ತು. ಸೆರಗು ಒಡ್ಡಬೇಕಾದವಳು ನಾನು ತಲೆಯನ್ನೇ ಎತ್ತಲಿಲ್ಲ.

ಅಮ್ಮಮ್ಮ ಬಟ್ಟಲನ್ನು ಮೋಟುಗೋಡೆಯ ಮೇಲಿಟ್ಟರು. "ಹೋಗ್ ಬಾ, ಉಪ್ಪಿನಕಾಯಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೀದಿಯ ತಿರುವಿನಲ್ಲಿ ಅತ್ತೆ, ವೀಳ್ಯದೆಲೆ ಮರೆತೆನೆಂದು ಹಿಂದಕ್ಕೆ ಹೋದರು. ಬುತ್ತಿಯ ಗಂಟು ಬಿಗಿಯುತ್ತಾ ಬಂದು ನನ್ನ ಕೈಗಿತ್ತರು. ಪೆಟ್ರೋಲಿಲ್ಲದ ಆ ಕಾಲದ ಇದ್ದಲಿನ ಬಸ್ಸು ದಿಬ್ಬ ಹತ್ತಲಾರದೆ ನಿಂತೂ ನಿಂತೂ ಕೋಲಾರ ಮುಟ್ಟಿತು. ಅಲ್ಲಿ ಬುತ್ತಿ ಬಿಚ್ಚಿದರೆ ಮೊಸರನ್ನದ ಪಕ್ಕದಲ್ಲಿ ಮುತ್ತುಗದೆಲೆ, ಅದರೊಳಗೆ ಒಂದು ಚಲಿಮಿಡಿ. ಆ ಗುಳಿಯ ಅಳತೆಯದೇ. ಅಳುತ್ತಳುತ್ತಲೇ ಒಂದು ಚೂರೂ ಬಿಡದೆ ತಿಂದೆ.

ದೇವರು ಕಣ್ಣು ಬಿಟ್ಟ. ಹೆಣ್ಣುಮಗು, ಗಟ್ಟಿಯಾಗಿ ಅಳುವ ಮಗು. ಐದು ತಿಂಗಳು ತುಂಬಿಸಿಕೊಂಡು ಶ್ರೀನಿವಾಸಪುರಕ್ಕೆ ಬಂದರೆ ಪಕ್ಕದ ಮನೆಗೆ ಬೀಗ. ಅಮ್ಮಮ್ಮ ಹೋಗಿ ಇಪ್ಪತ್ತು ದಿನವಾಗಿತ್ತು. ಕೆಮ್ಮು ಎದೆಗಿಳಿದಿತ್ತಂತೆ.

"ಅತ್ತೆ, ಆ ಉಂಡೆ ನನ್ನ ಬುತ್ತಿಗಿಟ್ಟಿದ್ದು ಅವರಿಗೆ ಹೇಳಿದ್ರಾ?"

ಅತ್ತೆ ಮಗುವಿನ ಪಾದ ಹಿಡಿದು ಕೂತಿದ್ದರು. "ಹೇಳೋಣಾಂತಲೇ ಇದ್ದೆ ಕಣೇ. ಬೇಡ ಅಂದೋಳು ನಾನೇ, ಕದ್ದು ಇಟ್ಟೋಳೂ ನಾನೇ. ನಾಚಿಕೆಯಾಯ್ತು. ಬಟ್ಟಲಲ್ಲಿ ಒಂದು ಕಮ್ಮಿ ಐತೆ, ಅಳಿಲು ತಿಂತೇನೋ ಅಂದ್ರು. ಹೂಂ ಅಂದ್ಬಿಟ್ಟೆ."

"ಮಗು ಹುಟ್ಟಿದ್ದು?"

"ಅದು ಹೇಳ್ದೆ. ಎದ್ದು ಕೂತು ಕೈ ಮುಗಿದ್ರು."

ಅಷ್ಟಾದರೂ ಮುಟ್ಟಿತಲ್ಲ. ದೇವರ ಮುಂದೆ ಕೂತು ಅವನು ಕೊಟ್ಟದ್ದನ್ನು ನೆನೆಯುವಾಗ ಅದನ್ನೂ ನೆನೆಯುತ್ತೇನೆ. ಆದರೆ ಅಮ್ಮಮ್ಮ ತಮ್ಮ ಕೈಯ ಉಂಡೆ ಇನ್ನೊಮ್ಮೆಯೂ ಮಡಿಲು ಸೇರಲಿಲ್ಲವೆಂದೇ ತಿಳಿದು ಹೋದರಲ್ಲ, ಅದಕ್ಕೆ ಯಾವ ಪೂಜೆಯಲ್ಲೂ ಸಮಾಧಾನ ಸಿಕ್ಕಿಲ್ಲ.

ಆ ಮಗಳೇ ಬಸುರಿಯಾಗಿ ಬಂದು, ತಿರುಗಿ ಗಂಡನ ಮನೆಗೆ ಹೊರಡುವ ಹೊತ್ತಿಗೆ ನನ್ನ ಹಣೆಯೂ ಬರಿದಾಗಿತ್ತು. ಅಕ್ಕಿ ನೆನೆಸಿ, ಕುಟ್ಟಿ, ಉಂಡೆ ಕಟ್ಟಿ, ಯಾರ ಕೈಗೆ ಕೊಡಲೆಂದು ನಿಂತಿದ್ದೆ. ಅತ್ತೆಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ತಡವಿಕೊಂಡು ಬಂದು ಮೊಮ್ಮಗಳ ಸೆರಗನ್ನು ತಾವೇ ಹರಡಿ ಹಿಡಿದರು.

"ನೀನೇ ಇಡೇ" ಅಂದರು.

ಇಟ್ಟೆ. ನನ್ನ ಅಂಗೈಯಲ್ಲಿ ಗುಳಿಯಿಲ್ಲ, ಉಂಡೆ ಒಂದು ದೊಡ್ಡದು ಒಂದು ಚಿಕ್ಕದಾಗಿತ್ತು. ಮಗಳ ಬಂಡಿ ತಿರುವು ದಾಟಿದ ಮೇಲೆ ಉಳಿದ ಒಂದನ್ನು ಮೋಟುಗೋಡೆಯ ಮೇಲಿಟ್ಟು, ಕೆಮ್ಮಿದೆ.